ಮಗುವಿನ ಉಸಿರಾಟದ ತೊಂದರೆ: ಮನೆಯಲ್ಲೇ ನೋಡಿಕೊಳ್ಳುವುದೇ, ಇಂದೇ ವೈದ್ಯರಿಗೆ ತೋರಿಸುವುದೇ, ಈಗಲೇ ಆಸ್ಪತ್ರೆಗೆ ಹೊರಡುವುದೇ?

ನೆಗಡಿ, ಕೆಮ್ಮು ಬಂದ ಮಗು ಉಸಿರಾಡಲು ಕಷ್ಟಪಡುತ್ತಿರುವಂತೆ ಕಂಡಾಗ ತಂದೆತಾಯಿಯ ಮುಂದೆ ಮೂರು ದಾರಿಗಳಿರುತ್ತವೆ. ಮನೆಯಲ್ಲೇ ಆರೈಕೆ ಮಾಡುತ್ತ ಗಮನಿಸಬಹುದು, ಅದೇ ದಿನ ವೈದ್ಯರಿಗೆ ತೋರಿಸಬಹುದು, ಇಲ್ಲವೇ ಒಂದು ನಿಮಿಷವೂ ತಡಮಾಡದೆ ತುರ್ತು ಚಿಕಿತ್ಸೆಗೆ ಹೊರಡಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ವರ್ಷದಲ್ಲಿ ಹಲವು ಸಲ ನೆಗಡಿ ಬರುವುದು ಸಹಜ, ಅವುಗಳಲ್ಲಿ ಬಹುಪಾಲು ಮೊದಲ ದಾರಿಯಲ್ಲೇ ವಾಸಿಯಾಗುತ್ತವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 7.4 ಲಕ್ಷ ಮಕ್ಕಳು ನ್ಯುಮೋನಿಯಾದಿಂದ ಸತ್ತರು. ಆ ವಯಸ್ಸಿನ ಮಕ್ಕಳ ಒಟ್ಟು ಸಾವಿನಲ್ಲಿ ಅದು ಶೇ 14ರಷ್ಟು. ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬ ತೀರ್ಮಾನ ಸರಿಯಾದ ಹೊತ್ತಿಗೆ ಆಗದಿದ್ದುದು ಇಂಥ ಎಷ್ಟೋ ಸಾವುಗಳ ಹಿಂದಿರುತ್ತದೆ.

ಈ ತೀರ್ಮಾನದಲ್ಲಿ ನಮ್ಮನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ಶಬ್ದ. ಮೂಗು ಕಟ್ಟಿ ಗೊರಗೊರ ಎನ್ನುವ ಮಗುವನ್ನು ಕಂಡು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಸದ್ದಿಲ್ಲದೆ, ಸಪ್ಪಗೆ, ಪಕ್ಕೆ ಒಳಗೆ ಎಳೆಯುತ್ತ ಮಲಗಿರುವ ಮಗುವನ್ನು ನೋಡಿ ‘ಪಾಪ, ನಿದ್ದೆ ಹತ್ತಿದೆ’ ಎಂದುಕೊಳ್ಳುತ್ತಾರೆ. ಮೊದಲನೆಯ ಮಗುವಿಗೆ ಮೂಗಿಗೆ ಎರಡು ಹನಿ ಉಪ್ಪುನೀರು ಸಾಕಾಗಬಹುದು, ಎರಡನೆಯದಕ್ಕೆ ಆಮ್ಲಜನಕ ಬೇಕಾಗಿರಬಹುದು. ಆದ್ದರಿಂದ ಉಸಿರು ಎಷ್ಟು ಸದ್ದು ಮಾಡುತ್ತಿದೆ ಎನ್ನುವುದಕ್ಕಿಂತ, ಅದಕ್ಕಾಗಿ ಮಗು ಎಷ್ಟು ಶ್ರಮಪಡುತ್ತಿದೆ ಎಂಬುದನ್ನು ನೋಡಬೇಕು. ಈ ಬರಹದಲ್ಲಿ ಮುಂದೆ ಬರುವ ಹೋಲಿಕೆಗಳೆಲ್ಲ ಇದೇ ಅಳತೆಗೋಲನ್ನು ಹಿಡಿದಿವೆ.

ಮೊದಲು ಅಂಗಿ ಬಿಚ್ಚಿ ನೋಡಿ

ಸ್ವೆಟರು, ಟೋಪಿ, ಎರಡು ಪದರ ಬಟ್ಟೆಗಳ ಒಳಗಿರುವ ಮಗುವಿನ ಉಸಿರಾಟವನ್ನು ಯಾರೂ ಅಂದಾಜು ಮಾಡಲಾರರು. ಮಗು ತಾಯಿಯ ತೊಡೆಯ ಮೇಲೆ ಸಮಾಧಾನವಾಗಿರುವಾಗ ಅಥವಾ ಮಲಗಿರುವಾಗ, ದೀಪ ಹಾಕಿ, ಅಂಗಿಯನ್ನು ಕುತ್ತಿಗೆಯವರೆಗೆ ಮೇಲೆತ್ತಿ. ಅಳುವಾಗಲೂ ಹಾಲು ಕುಡಿಯುವಾಗಲೂ ಎಣಿಸಿದ ಲೆಕ್ಕ ನಂಬುವಂಥದ್ದಲ್ಲ. ಮೊಬೈಲಿನ ಸ್ಟಾಪ್‌ವಾಚನ್ನು ಪೂರ್ತಿ 60 ಸೆಕೆಂಡಿಗೆ ಇಟ್ಟುಕೊಂಡು, ಹೊಟ್ಟೆ ಅಥವಾ ಎದೆ ಒಮ್ಮೆ ಏರಿ ಇಳಿದರೆ ಒಂದು ಎಂದು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಏಕೆಂದರೆ ಚಿಕ್ಕ ಮಕ್ಕಳು ಒಂದಷ್ಟು ಹೊತ್ತು ಬೇಗಬೇಗ ಉಸಿರಾಡಿ, ನಡುವೆ ತುಸು ನಿಲ್ಲಿಸಿ ಮತ್ತೆ ಶುರುಮಾಡುತ್ತಾರೆ.

ನಮ್ಮ ಆಶಾ ಕಾರ್ಯಕರ್ತೆಯರೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯೂ ಬಳಸುವ ಮಿತಿ ಹೀಗಿದೆ: ಎರಡು ತಿಂಗಳು ತುಂಬದ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ತೀರಾ ಎಳೆಯ ಕೂಸಿನಲ್ಲಿ 60 ದಾಟಿದರೆ ಸ್ವಲ್ಪ ಬಿಟ್ಟು ಇನ್ನೊಮ್ಮೆ ಎಣಿಸಬೇಕು, ಎರಡನೇ ಸಲವೂ ದಾಟಿದರೆ ಅದನ್ನು ನಿಜವೆಂದೇ ತಿಳಿಯಬೇಕು. ಜ್ವರವೂ ಉಸಿರನ್ನು ಹೆಚ್ಚಿಸುತ್ತದೆ. ಹಾಗಾಗಿ ಮೈ ಸುಡುತ್ತಿದ್ದು, ಬೇರೆ ಯಾವ ಅಪಾಯದ ಚಿಹ್ನೆಯೂ ಇಲ್ಲದಿದ್ದರೆ, ಜ್ವರ ಇಳಿದ ಮೇಲೆ ಮತ್ತೊಮ್ಮೆ ಎಣಿಸಿ ನೋಡುವುದು ನ್ಯಾಯ. ಜ್ವರ ಇಳಿದರೂ ಉಸಿರಿನ ವೇಗ ಇಳಿಯದಿದ್ದರೆ ಕಾರಣ ಎದೆಯಲ್ಲಿದೆ ಎಂದು ಅನುಮಾನಿಸಬೇಕು.

ಎಣಿಕೆ ಮುಗಿದ ಮೇಲೆ ಕಣ್ಣನ್ನು ಪಕ್ಕೆಲುಬಿನ ಕೆಳ ಅಂಚಿಗೆ, ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಗೆರೆಗೆ ತನ್ನಿ. ಆರೋಗ್ಯವಂತ ಮಗು ಉಸಿರು ಎಳೆದುಕೊಂಡಾಗ ಎದೆಯೂ ಹೊಟ್ಟೆಯೂ ಒಟ್ಟಿಗೆ ಮೇಲೇಳುತ್ತವೆ. ಶ್ವಾಸಕೋಶ ಬಿಗಿಯಾಗಿರುವ ಮಗುವಿನಲ್ಲಿ ಹೊಟ್ಟೆ ಉಬ್ಬುವ ಹೊತ್ತಿಗೇ ಆ ಅಂಚು ಒಳಕ್ಕೆ ಸರಿದು ಅಲ್ಲೊಂದು ಹಳ್ಳ ಮೂಡುತ್ತದೆ; ಉಸಿರು ಬಿಟ್ಟಾಗ ಮಾಯವಾಗಿ ಮುಂದಿನ ಉಸಿರಿಗೆ ಮತ್ತೆ ಕಾಣಿಸುತ್ತದೆ. ‘ಪಕ್ಕೆ ಎಳೀತಿದೆ’, ‘ಪಕ್ಕಿ ಜಗ್ಗಾಕತ್ತಾವ’ ಎಂದು ಹಿರಿಯರು ಹೇಳುವುದು ಇದನ್ನೇ, ಅವರು ಹಾಗೆಂದಾಗ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕತ್ತಿನ ಬುಡದ ಗುಂಡಿ ಒಳಸೇರುವುದು, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುವುದು, ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ತಲೆ ಮೇಲೆ ಕೆಳಗೆ ಆಡುವುದು ಕೂಡ ಇದೇ ಶ್ರಮದ ಗುರುತುಗಳು. ಮೊಬೈಲ್ ಕೈಯಲ್ಲೇ ಇರುವುದರಿಂದ ಅರ್ಧ ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆ ತಲುಪುವ ಹೊತ್ತಿಗೆ ಅಳುವ ಮಗುವಿನಲ್ಲಿ ಕಾಣದಿರುವುದು ಆ ವಿಡಿಯೋದಲ್ಲಿ ವೈದ್ಯರಿಗೆ ಕಾಣುತ್ತದೆ.

ಈಗಲೇ ಹೊರಡಬೇಕಾದ ಸಂದರ್ಭಗಳು

ಕೆಳಗೆ ಹೇಳುವವುಗಳಲ್ಲಿ ಒಂದೇ ಒಂದು ಕಂಡರೂ ‘ಬೆಳಗಾಗಲಿ’, ‘ಅವರಪ್ಪ ಬರಲಿ’, ‘ಒಂದು ಡೋಸ್ ಸಿರಪ್ ಕೊಟ್ಟು ನೋಡೋಣ’ ಎಂದು ಕಾಯುವಂತಿಲ್ಲ.

ಪಕ್ಕೆ ಸ್ಪಷ್ಟವಾಗಿ ಒಳಸೇರುತ್ತಿದ್ದರೆ ಹೊರಡಿ. ಉಸಿರು ಬಿಡುವಾಗಲೆಲ್ಲ ಗಂಟಲಿನಿಂದ ಗಿಡ್ಡನೆಯ ನರಳಿಕೆ ಕೇಳುತ್ತಿದ್ದರೆ ಹೊರಡಿ. ಕುಸಿಯುತ್ತಿರುವ ಶ್ವಾಸಕೋಶವನ್ನು ತೆರೆದಿಟ್ಟುಕೊಳ್ಳಲು ಮಗು ಮಾಡುತ್ತಿರುವ ಪ್ರಯತ್ನ ಅದು, ಹಠದ ಕೊಸರಾಟವಲ್ಲ. ನಾಲಿಗೆ, ತುಟಿಯ ಒಳಭಾಗ ಅಥವಾ ಒಸಡು ನೀಲಿಯಾಗಿಯೋ ಬೂದಿ ಬಣ್ಣವಾಗಿಯೋ ಕಂಡರೆ ಹೊರಡಿ. ನಮ್ಮ ಮಕ್ಕಳ ಕಂದು ಮೈಬಣ್ಣದಲ್ಲಿ ಕೆನ್ನೆಯನ್ನೋ ಉಗುರನ್ನೋ ನೋಡಿ ನಿರ್ಧರಿಸುವುದು ಕಷ್ಟ, ಆದ್ದರಿಂದ ಬಾಯಿಯ ಒಳಗೇ ನೋಡಬೇಕು. ಅಂಗೈ ಅಂಗಾಲು ಮಾತ್ರ ತುಸು ನೀಲಿಯಾಗಿರುವುದು ಚಳಿಗೂ ಆಗುತ್ತದೆ, ನಾಲಿಗೆ ನೀಲಿಯಾಗುವುದು ಚಳಿಗೆ ಆಗುವುದಿಲ್ಲ. ಉಸಿರಾಟ 20 ಸೆಕೆಂಡಿನಷ್ಟು ನಿಂತರೆ, ಅಥವಾ ಅದಕ್ಕಿಂತ ಕಡಿಮೆ ಹೊತ್ತು ನಿಂತರೂ ಮಗು ಬಣ್ಣಗೆಟ್ಟು ಜೋತುಬಿದ್ದರೆ ಅದೂ ತುರ್ತು.

ಇನ್ನು ಕೆಲವು ಚಿಹ್ನೆಗಳು ಎದೆಯಲ್ಲಲ್ಲ, ಮಗುವಿನ ನಡವಳಿಕೆಯಲ್ಲಿ ಕಾಣುತ್ತವೆ. ಮೊಲೆಹಾಲನ್ನಾಗಲಿ ನೀರನ್ನಾಗಲಿ ಕುಡಿಯಲಾರದಿರುವುದು, ಕುಡಿದದ್ದನ್ನೆಲ್ಲ ವಾಂತಿ ಮಾಡುವುದು, ಫಿಟ್ಸ್ ಬರುವುದು, ಎಬ್ಬಿಸಿದರೂ ಸರಿಯಾಗಿ ಏಳದಂಥ ಮಂಪರು ಕವಿಯುವುದು ಇವು ನಾಲ್ಕೂ ಯಾವ ಕಾಯಿಲೆಯಲ್ಲಿ ಕಂಡರೂ ಐದು ವರ್ಷದೊಳಗಿನ ಮಗುವಿಗೆ ಅಪಾಯದ ಚಿಹ್ನೆಗಳೆಂದು ಆರೋಗ್ಯ ಇಲಾಖೆಯ ತರಬೇತಿಯಲ್ಲಿ ಕಲಿಸಲಾಗುತ್ತದೆ. ಇವುಗಳಿಗೆ ಉಸಿರಾಟದ ತೊಂದರೆಯೂ ಸೇರಿದರೆ ಚರ್ಚೆಗೆ ಜಾಗವೇ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ‘ಈಗ ಪರವಾಗಿಲ್ಲ, ಸುಮ್ಮನಾಗಿದೆ’ ಎಂಬ ಮಾತು. ಗಂಟೆಗಟ್ಟಲೆ 70ರ ವೇಗದಲ್ಲಿ ಉಸಿರಾಡಿದ ಮಗು ದಣಿದಾಗ ಉಸಿರು ನಿಧಾನವಾಗುತ್ತದೆ, ಉಬ್ಬಸದ ಸಿಳ್ಳೆ ಸದ್ದು ನಿಲ್ಲುತ್ತದೆ, ಅಳು ಅಡಗುತ್ತದೆ. ಗುಣವಾಗುತ್ತಿರುವ ಮಗುವಿನಲ್ಲೂ ಇವೆಲ್ಲ ಆಗುತ್ತವೆ ಎಂಬುದು ನಿಜ, ಆದರೆ ಎರಡರ ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಗುಣವಾಗುತ್ತಿರುವ ಮಗು ಕಣ್ಣು ಬಿಟ್ಟು ನೋಡುತ್ತದೆ, ಹಾಲು ಕೇಳುತ್ತದೆ, ಎತ್ತಿಕೊಂಡರೆ ಕೊರಳಿಗೆ ಅಂಟಿಕೊಳ್ಳುತ್ತದೆ. ದಣಿದ ಮಗು ಕೈಯಲ್ಲಿ ಬಟ್ಟೆಯಂತೆ ಜೋಲುತ್ತದೆ, ಬೆವರಿರುತ್ತದೆ, ಬಿಳಚಿಕೊಂಡಿರುತ್ತದೆ. ಅಂಥ ಮೌನ ಕಂಡಾಗ ಮಗುವನ್ನು ಮಲಗಲು ಬಿಡದೆ ಕೂಡಲೇ 108ಕ್ಕೆ ಕರೆ ಮಾಡಬೇಕು.

ಇದೇ ದಿನ ತೋರಿಸಬೇಕಾದವು

ವೇಗದ ಉಸಿರಾಟವಿದೆ, ಆದರೆ ಪಕ್ಕೆ ಎಳೆಯುತ್ತಿಲ್ಲ, ಮಗು ಕುಡಿಯುತ್ತಿದೆ, ಎಚ್ಚರವಾಗಿದೆ ಎಂದಾದರೆ ಅದು ಎರಡನೇ ದಾರಿ. ಇಂಥ ನ್ಯುಮೋನಿಯಾ ಮೊದಲೇ ಗೊತ್ತಾದರೆ, ಎರಡು ತಿಂಗಳು ದಾಟಿದ ಮಗುವಿಗೆ ಬಾಯಿಂದ ಕೊಡುವ ಆಂಟಿಬಯಾಟಿಕ್ ಆದ ಅಮಾಕ್ಸಿಸಿಲಿನ್‌ನಿಂದಲೇ ಬಹುತೇಕ ವಾಸಿಯಾಗುತ್ತದೆ, ಅದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ನಾಳೆಗೆ ಮುಂದೂಡಿದರೆ ಇದೇ ಮಗು ತುರ್ತಿನ ಗುಂಪಿಗೆ ಸೇರಿಬಿಡಬಹುದು. ಹೀಗಾಗಿ ಮಧ್ಯಾಹ್ನ ಗಮನಿಸಿದ್ದನ್ನು ಸಂಜೆಯ ಕ್ಲಿನಿಕ್‌ಗೆ ಒಯ್ಯಿರಿ, ರಾತ್ರಿ ಗಮನಿಸಿದ್ದಾದರೆ ಗಂಟೆಗೊಮ್ಮೆ ಎಬ್ಬಿಸಿ ನೋಡುತ್ತ ಬೆಳಿಗ್ಗೆ ಮೊದಲ ಕೆಲಸವಾಗಿ ತೋರಿಸಿ. ಒಂದು ವರ್ಷದೊಳಗಿನ ಮಗುವಾದರೆ ನಾನಂತೂ ರಾತ್ರಿಯೇ ಹೋಗಿ ಎನ್ನುತ್ತೇನೆ.

ಎಂದಿನ ಹಾಲಿನಲ್ಲಿ ಅರ್ಧದಿಂದ ಮುಕ್ಕಾಲು ಭಾಗ ಮಾತ್ರ ಕುಡಿಯುತ್ತಿರುವುದು, ನಾಲ್ಕೈದು ಸಲ ಚೀಪಿ ಉಸಿರಿಗಾಗಿ ಮೊಲೆ ಬಿಟ್ಟುಬಿಡುವುದು, ಜ್ವರ ಮೂರು ದಿನ ದಾಟಿರುವುದು, ಮೊದಲ ಬಾರಿಗೆ ಸಿಳ್ಳೆಯಂಥ ಉಬ್ಬಸ ಕೇಳಿಸಿರುವುದು ಇವೂ ಅದೇ ದಿನದ ಭೇಟಿಗೆ ಕಾರಣಗಳು. ಹನ್ನೆರಡು ಗಂಟೆ ಕಾಲ ಮೂತ್ರವೇ ಆಗದಿದ್ದರೆ ಅದನ್ನು ತುರ್ತಿನ ಲೆಕ್ಕಕ್ಕೆ ಸೇರಿಸಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಗು, ತೀವ್ರ ಅಪೌಷ್ಟಿಕತೆಯ ಮಗು, ಸ್ನಾಯು ದೌರ್ಬಲ್ಯದ ಕಾಯಿಲೆಯಿರುವ ಮಗು, ಮೂರು ತಿಂಗಳು ತುಂಬದ ಕೂಸು ಇವರ ವಿಷಯದಲ್ಲಿ ಎಲ್ಲವನ್ನೂ ಒಂದು ಮೆಟ್ಟಿಲು ಮೇಲೇರಿಸಿ ನೋಡಬೇಕು: ಬೇರೆ ಮಗುವಿಗೆ ‘ಇಂದು ತೋರಿಸಿ’ ಎನ್ನುವುದು ಇವರಿಗೆ ‘ಈಗಲೇ ಹೊರಡಿ’ ಎಂದಾಗುತ್ತದೆ.

ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು

ಮೂಗು ಸುರಿಯುತ್ತಿದೆ, ಕೆಮ್ಮಿದೆ, ಮೂಗಿನಲ್ಲಿ ಸದ್ದಿದೆ, ಆದರೆ ಎಣಿಕೆ ಮಿತಿಯೊಳಗಿದೆ, ಪಕ್ಕೆ ಸುಮ್ಮನಿದೆ, ಮಗು ಕುಡಿಯುತ್ತಿದೆ, ನಡುನಡುವೆ ಆಡುತ್ತಿದೆ ಎಂದಾದರೆ ಮನೆಯ ಆರೈಕೆ ಸಾಕು. ಹಾಲು ಕುಡಿಸುವ ಮೊದಲು ಪ್ರತಿ ಹೊಳ್ಳೆಗೆ ಎರಡು ಹನಿ ಸಲೈನ್ ಹಾಕಿ ಒರೆಸಿ. ಸ್ವಲ್ಪ ಸ್ವಲ್ಪವಾಗಿ, ಪದೇಪದೇ ಹಾಲೂಡಿಸಿ. ಜ್ವರವಿದ್ದರೆ ತೂಕದ ಲೆಕ್ಕದಲ್ಲಿ, ಒಂದು ಕಿಲೋಗೆ 15 ಮಿಲಿಗ್ರಾಮ್‌ನಷ್ಟು ಪ್ಯಾರಾಸಿಟಮಾಲ್ ಕೊಡಬಹುದು, ದಿನಕ್ಕೆ ನಾಲ್ಕು ಸಲ ಮೀರಬಾರದು. ಡ್ರಾಪ್ಸ್‌ ಮತ್ತು ಸಿರಪ್‌ಗಳಲ್ಲಿ ಔಷಧದ ಪ್ರಮಾಣ ಬೇರೆಬೇರೆ ಇರುವುದರಿಂದ ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಅತಿಯಾಗಿಬಿಡುತ್ತದೆ, ಬಾಟಲಿಯ ಮೇಲಿನ ಬರಹವನ್ನು ಓದಿಯೇ ಕೊಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರದ ಔಷಧವನ್ನು ಮನೆಯಲ್ಲೇ ಕೊಟ್ಟು ಕಾಯುವ ಪ್ರಶ್ನೆಯೇ ಇಲ್ಲ.

ಕೆಮ್ಮಿನ ಸಿರಪ್‌ಗಳ ಬಗ್ಗೆ ನೇರವಾಗಿ ಹೇಳಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಬರೆಯಲೂಬಾರದು, ಕೊಡಲೂಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ತಿಳಿಸಿತು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲಬೆರಕೆ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ವಿಫಲವಾಗಿ ಸತ್ತದ್ದು ಆ ದಿನಗಳಲ್ಲೇ. ಕಲಬೆರಕೆ ಇಲ್ಲದ ಸಿರಪ್ ಕೂಡ ಮಗುವನ್ನು ಮಂಪರಿಗೆ ತಳ್ಳಿ, ನಾವು ನೋಡಬೇಕಾದ ಚಿಹ್ನೆಯನ್ನೇ ಮುಚ್ಚಿಹಾಕುತ್ತದೆ. ಕಳೆದ ಸಲದ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಬಾಟಲಿ ತರುವ ಅಭ್ಯಾಸವನ್ನು ಬಿಡಬೇಕು.

ಮನೆಮದ್ದಿನಲ್ಲೂ ಎಲ್ಲವೂ ಒಂದೇ ಅಲ್ಲ. ವರ್ಷ ದಾಟಿದ ಮಗುವಿಗೆ ಒಂದು ಚಮಚ ದೊಡ್ಡಪತ್ರೆ ಅಥವಾ ತುಳಸಿಯ ರಸ ಕೊಟ್ಟರೆ ಅದರಿಂದಲೇ ಕೇಡು ಆಗುವುದಿಲ್ಲ, ಅದನ್ನು ನಂಬಿ ಎರಡು ದಿನ ಕಾಯುವುದರಿಂದ ಆಗುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ಬೇಡ, ಆರು ತಿಂಗಳೊಳಗೆ ಎದೆಹಾಲಲ್ಲದೆ ಬೇರೇನೂ ಬೇಡ. ಮೂಗಿಗೆ ಎಣ್ಣೆ ಬಿಡುವುದು ಅಪಾಯ, ಅದು ಶ್ವಾಸಕೋಶಕ್ಕೆ ಇಳಿದು ಬೇರೆಯದೇ ನ್ಯುಮೋನಿಯಾ ತರುತ್ತದೆ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದು, ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದು, ಕರ್ಪೂರವಿರುವ ಮುಲಾಮನ್ನು ಎರಡು ವರ್ಷದೊಳಗಿನ ಮಗುವಿನ ಎದೆಗೂ ಮೂಗಿಗೂ ಹಚ್ಚುವುದು ಇವೆಲ್ಲ ಕಷ್ಟದ ಉಸಿರಿಗೆ ಇನ್ನಷ್ಟು ಕಷ್ಟ ಕೊಡುತ್ತವೆ. ಕುದಿಯುವ ನೀರಿನ ಆವಿ ಹಿಡಿಸಲು ಹೋಗಿ ಮಗು ಸುಟ್ಟುಕೊಂಡ ಪ್ರಕರಣಗಳಿವೆ. ಇನ್ನು ಹೊಟ್ಟೆಯ ಮೇಲೆ ಬರೆ ಹಾಕಿಸುವುದು, ಅದು ಬಳೆ ಚೂರಿನಿಂದಾಗಲಿ ಊದಿನಕಡ್ಡಿಯಿಂದಾಗಲಿ, ನರಳುತ್ತಿರುವ ಕೂಸಿಗೆ ನೋವನ್ನೂ ಗಾಯದ ಸೋಂಕನ್ನೂ ಕೊಡುವ ಕ್ರೌರ್ಯವೇ ಹೊರತು ಚಿಕಿತ್ಸೆಯಲ್ಲ. ಹಿರಿಯರ ಮೇಲಿನ ಗೌರವದಿಂದ ಇದಕ್ಕೆ ಒಪ್ಪಬೇಕಾಗಿಲ್ಲ.

ಒಂದೇ ರೀತಿ ಕಾಣುವ ಬೇರೆ ಬೇರೆ ಕಾಯಿಲೆಗಳು

ಕಾಯಿಲೆಯ ಹೆಸರು ಹೇಳುವುದು ತಂದೆತಾಯಿಯ ಕೆಲಸವಲ್ಲ. ಆದರೂ ಯಾವುದು ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿದಿದ್ದರೆ ಎಷ್ಟು ಕಾಯಬಹುದು ಎಂಬ ಅಂದಾಜು ಸಿಗುತ್ತದೆ.

ಎರಡು ವರ್ಷದೊಳಗಿನವರಲ್ಲಿ, ಅದರಲ್ಲೂ ಒಂದು ವರ್ಷದೊಳಗೆ, ಮಳೆಗಾಲ ಚಳಿಗಾಲಗಳಲ್ಲಿ ಹೆಚ್ಚಾಗಿ ಕಾಣುವುದು ಬ್ರಾಂಕಿಯೊಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ನಾಳಗಳ ಊತ. ಆರ್‌ಎಸ್‌ವಿ ಎಂಬ ವೈರಸ್ ಇದಕ್ಕೆ ಮುಖ್ಯ ಕಾರಣ. ಮೊದಲೆರಡು ದಿನ ಬರೀ ನೆಗಡಿ, ಆಮೇಲೆ ಕೆಮ್ಮು, ಸಿಳ್ಳೆ ಸದ್ದು, ವೇಗದ ಉಸಿರು. ಮೂರರಿಂದ ಐದನೇ ದಿನದ ನಡುವೆ ಅದು ಹೆಚ್ಚಿನ ಮಟ್ಟಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಹಾಗಾಗಿ ಎರಡನೇ ದಿನ ‘ಸುಮಾರಾಗಿದೆ’ ಎನಿಸಿದ ಮಗುವಿನ ಬಗ್ಗೆ ನೆಮ್ಮದಿಯಾಗಿರುವಂತಿಲ್ಲ, ಆರನೇ ದಿನ ಅಷ್ಟೇ ಇರುವ ಮಗುವಿನ ಬಗ್ಗೆ ತುಸು ನೆಮ್ಮದಿಪಡಬಹುದು. ಇದು ವೈರಸ್ಸಿನದಾದ್ದರಿಂದ ಆಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ. ಆಮ್ಲಜನಕ ಮತ್ತು ದ್ರವಾಹಾರವೇ ಚಿಕಿತ್ಸೆ.

ನಡುರಾತ್ರಿ ನಾಯಿ ಬೊಗಳಿದಂಥ ಕೆಮ್ಮಿನಿಂದ ಎಚ್ಚರವಾಗುವ, ದನಿ ಒಡೆದಿರುವ, ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ಇರುವುದು ಬಹುಶಃ ಕ್ರೂಪ್. ಇಲ್ಲಿ ತೊಂದರೆ ಗಂಟಲ ಕೆಳಗಿನ ಶ್ವಾಸನಾಳದ ಊತದಲ್ಲಿದೆ. ಉಸಿರು ಒಳಗೆಳೆಯುವಾಗ ಕರ್ಕಶ ಸದ್ದು ಅಳುವಾಗ ಮಾತ್ರ ಕೇಳಿಸಿದರೆ ಅದೇ ದಿನ ತೋರಿಸಬಹುದು, ಸುಮ್ಮನಿರುವಾಗಲೂ ಕೇಳಿಸಿದರೆ ತುರ್ತು. ಇದು ಶಬ್ದವೇ ನಿರ್ಧಾರ ಮಾಡುವ ಅಪರೂಪದ ಸಂದರ್ಭ. ಅಳಿಸಿದಷ್ಟೂ ಊತದ ನಾಳ ಇನ್ನಷ್ಟು ಇಕ್ಕಟ್ಟಾಗುವುದರಿಂದ ಮಗುವನ್ನು ನೆಟ್ಟಗೆ ಎತ್ತಿಕೊಂಡು ಸಮಾಧಾನಪಡಿಸುವುದೇ ದಾರಿಯಲ್ಲಿ ಮಾಡಬಹುದಾದ ದೊಡ್ಡ ಉಪಕಾರ. ತೀವ್ರ ಜ್ವರದ ಜೊತೆ ಜೊಲ್ಲು ಸುರಿಸುತ್ತ, ನುಂಗಲಾರದೆ, ಮುಂದಕ್ಕೆ ಬಾಗಿ ಕುಳಿತ ಮಗುವಿನ ಬಾಯಿಗೆ ಚಮಚ ಹಾಕಿ ಗಂಟಲು ನೋಡಲು ಹೋಗಬೇಡಿ, ಹಾಗೇ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯಿರಿ.

ಹಿಂದೆಯೂ ಉಬ್ಬಸ ಬಂದಿದ್ದು, ವೈದ್ಯರು ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್ ಕೊಟ್ಟಿರುವ ಮಗುವಾದರೆ ಅವರು ಬರೆದುಕೊಟ್ಟ ಕ್ರಮದಲ್ಲೇ ಅದನ್ನು ಕೊಡಿ. ಕೊಟ್ಟ ಮೇಲೂ ಪಕ್ಕೆ ಎಳೆತ ಇಳಿಯದಿದ್ದರೆ, ಅಥವಾ ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಬೇಕೆನಿಸಿದರೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕೊಡುತ್ತಿರಿ. ಔಷಧವನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರವನ್ನು ಮನೆಗೆ ಕೊಳ್ಳಬೇಕೇ ಎಂದು ಅನೇಕರು ಕೇಳುತ್ತಾರೆ. ಮುಖಕ್ಕೆ ಹೊಂದುವ ಮಾಸ್ಕ್ ಇರುವ ಸ್ಪೇಸರ್ (ಇನ್ಹೇಲರ್ ಸಿಕ್ಕಿಸುವ ಟೊಳ್ಳು ಕೊಳವೆ) ಮೂಲಕ ಕೊಟ್ಟ ಇನ್ಹೇಲರ್ ಸಾಮಾನ್ಯ ಉಬ್ಬಸದಲ್ಲಿ ನೆಬ್ಯುಲೈಸರ್‌ನಷ್ಟೇ ಕೆಲಸ ಮಾಡುತ್ತದೆ, ಕರೆಂಟು ಬೇಕಿಲ್ಲ, ಬೇಗ ಮುಗಿಯುತ್ತದೆ. ಮನೆಯಲ್ಲಿ ಯಂತ್ರವಿದ್ದರೆ ‘ಇನ್ನೊಂದು ಸಲ ಹಾಕಿ ನೋಡೋಣ’ ಎಂದು ಹೊರಡುವುದು ತಡವಾಗುವುದನ್ನೂ ನೆನಪಿಡಬೇಕು. ನಾನು ಸ್ಪೇಸರನ್ನೇ ಆರಿಸುತ್ತೇನೆ.

ಜ್ವರವಿಲ್ಲ, ನೆಗಡಿಯಿಲ್ಲ, ಚೆನ್ನಾಗಿ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಉಸಿರುಗಟ್ಟಿತು ಎಂದರೆ ಏನೋ ಶ್ವಾಸನಾಳಕ್ಕೆ ಹೋಗಿದೆ. ಕಡಲೆಕಾಯಿ ಬೀಜ, ಹುರಿಗಡಲೆ, ಹುಣಸೆ ಬೀಜ, ಸೀತಾಫಲದ ಬೀಜ, ಅಡಕೆ ಚೂರು ನಮ್ಮ ಮನೆಗಳಲ್ಲಿ ಕೈಗೆಟುಕುವಂತೆಯೇ ಇರುತ್ತವೆ. ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದಿದ್ದರೆ, ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಹಿಡಿದು, ಬೆನ್ನಿನ ಮೇಲೆ ಎರಡು ಭುಜಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು ಕೊಡಿ. ಆಮೇಲೆ ತಿರುಗಿಸಿ ಎದೆಯ ನಡುಮೂಳೆಯ ಮೇಲೆ ಐದು ಸಲ ಒತ್ತಿ. ವಸ್ತು ಹೊರಬರುವವರೆಗೆ ಇದನ್ನೇ ಮುಂದುವರಿಸಿ. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು ಪೆಟ್ಟು, ಆಮೇಲೆ ಹಿಂದಿನಿಂದ ಅಪ್ಪಿ ಹಿಡಿದು ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ ಎದೆ ಒತ್ತುತ್ತ, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ, ಫೋನನ್ನು ಸ್ಪೀಕರ್‌ನಲ್ಲಿಟ್ಟು 108ರವರ ಮಾತು ಕೇಳಿ.

ಇದರಲ್ಲಿ ಮೋಸ ಹೋಗುವ ಘಟ್ಟವೊಂದಿದೆ. ಬೀಜ ಜಾರಿ ಶ್ವಾಸಕೋಶದ ಒಂದು ಕವಲಿಗೆ ಇಳಿದ ಮೇಲೆ ಕೆಮ್ಮು ನಿಂತು, ಮಗು ಗಂಟೆಗಳ ಕಾಲ, ಕೆಲವೊಮ್ಮೆ ದಿನಗಳ ಕಾಲ ಆರಾಮವಾಗಿ ಕಾಣುತ್ತದೆ. ಕಡಲೆಕಾಯಿ ಬೀಜ ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಆದ್ದರಿಂದ ‘ತಿನ್ನುವಾಗ ನೆತ್ತಿಗೆ ಹತ್ತಿತ್ತು, ಆಮೇಲೆ ಸರಿಹೋಯಿತು’ ಎಂಬ ಸಂಗತಿಯನ್ನು ವೈದ್ಯರು ಕೇಳದಿದ್ದರೂ ಹೇಳಲೇಬೇಕು. ಬ್ರಾಂಕೊಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವುದು) ಮಾಡಬೇಕೇ ಎಂಬ ತೀರ್ಮಾನ ಬಹಳ ಸಲ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಕೆಮ್ಮೇ ಇಲ್ಲದೆ ಉಸಿರು ಕೆಡುವ ಸಂದರ್ಭಗಳೂ ಇವೆ. ವಾಂತಿಭೇದಿಯಿಂದ ಒಣಗಿದ ಮಗು, ಗುರುತಿಸದ ಸಕ್ಕರೆ ಕಾಯಿಲೆಯಿಂದ ಅತಿಯಾಗಿ ನೀರು ಕುಡಿದು ಮೂತ್ರ ಮಾಡುತ್ತಿದ್ದ ಮಗು ಆಳವಾಗಿ, ಬೇಗಬೇಗ ಉಸಿರಾಡತೊಡಗಿದರೆ ಅದು ರಕ್ತದಲ್ಲಿ ಆಮ್ಲ ಹೆಚ್ಚಿದ ಗುರುತು. ಸೀಮೆಎಣ್ಣೆ ಅಥವಾ ಥಿನ್ನರ್ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಕಣಜ ಕುಟುಕಿದ ಮೇಲೆ, ಹೊಸ ಔಷಧ ಅಥವಾ ಆಹಾರ ಕೊಟ್ಟ ಮೇಲೆ ಮೈಯೆಲ್ಲ ಗಂಧೆ ಎದ್ದು ತುಟಿ ಊದಿ ಉಸಿರು ಬಿಗಿಯುವುದು, ಹಾವು ಕಚ್ಚಿದ ಮೇಲೆ ರೆಪ್ಪೆ ಜೋತು ಉಸಿರು ಕ್ಷೀಣಿಸುವುದು ಇವೆಲ್ಲ ನೇರವಾಗಿ ಮೂರನೇ ದಾರಿ.

ಎರಡು ತಿಂಗಳೊಳಗಿನ ಕೂಸು

ಈ ವಯಸ್ಸಿನಲ್ಲಿ ನಡುವಿನ ದಾರಿ ಬಹಳ ಕಿರಿದು. ಆರೋಗ್ಯವಾಗಿರುವ ನವಜಾತ ಶಿಶುವೂ ನಿದ್ದೆಯಲ್ಲಿ ಐದು ಹತ್ತು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಬೇಗಬೇಗ ಉಸಿರಾಡುತ್ತದೆ, ಸೀನುತ್ತದೆ, ಮೂಗಿನಲ್ಲಿ ಸದ್ದು ಮಾಡುತ್ತದೆ. ಬಣ್ಣ ಚೆನ್ನಾಗಿದ್ದು, ಗಟ್ಟಿಯಾಗಿ ಹಾಲು ಚೀಪುತ್ತಿದ್ದರೆ ಇದಕ್ಕೆ ಹೆದರಬೇಕಿಲ್ಲ. ಆದರೆ ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಪಕ್ಕೆ ಎಳೆತ, ನರಳಿಕೆ, ಹಾಲು ಬಿಟ್ಟುಬಿಡುವುದು, ಕಂಕುಳಿನ ತಾಪಮಾನ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಥವಾ 35.5ಕ್ಕಿಂತ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ತುರ್ತಾಗಿ ಆಸ್ಪತ್ರೆಗೆ ಒಯ್ಯಬೇಕು. ಇಷ್ಟು ಎಳೆಯ ಕೂಸಿಗೆ ಸೋಂಕು ತಗುಲಿದಾಗ ಜ್ವರ ಬರುವ ಬದಲು ಮೈ ತಣ್ಣಗಾಗಬಹುದು ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಒಯ್ಯುವಾಗ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಹಿಡಿದು ಮೇಲೆ ಹೊದಿಸಿ, ಮೂಗು ಬಾಯಿ ಮುಚ್ಚದಂತೆ ನೋಡಿಕೊಳ್ಳಿ. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಆಗ ಉಸಿರು ಎಣಿಸುವುದನ್ನು ಅವರ ಕೈಯಿಂದಲೇ ಒಮ್ಮೆ ಕಲಿತುಕೊಂಡರೆ ಮುಂದೆ ಐದು ವರ್ಷ ಉಪಯೋಗಕ್ಕೆ ಬರುತ್ತದೆ.

ಆಕ್ಸಿಮೀಟರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸುವ, ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಅನೇಕ ಮನೆಗಳಲ್ಲಿದೆ. ಅದು ದೊಡ್ಡವರ ಬೆರಳಿಗೆ ಮಾಡಿದ್ದು. ಕೂಸಿನ ಬೆರಳಿಗೆ ಸಿಕ್ಕಿಸಿದರೆ ಬರುವ ಅಂಕಿ ನಂಬುವಂತಿಲ್ಲ, ಮಕ್ಕಳ ಪ್ರೋಬ್ ಬೇರೆಯೇ ಇದೆ. ಸರಿಯಾದ ಪ್ರೋಬ್‌ನಲ್ಲಿ, ಮಗು ಅಲುಗಾಡದಿರುವಾಗ, 95 ಅಥವಾ ಮೇಲಿದ್ದರೆ ಸರಿ. 94 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆಸ್ಪತ್ರೆಗೆ ಹೋಗಬೇಕು. 90ಕ್ಕಿಂತ ಕೆಳಗಿಳಿದರೆ ಕೂಡಲೇ ಆಮ್ಲಜನಕ ಬೇಕು. ಕಣ್ಣಿಗೆ ಕಾಣುವುದಕ್ಕೂ ಯಂತ್ರ ತೋರುವುದಕ್ಕೂ ಹೊಂದಾಣಿಕೆಯಾಗದಿದ್ದಾಗ ಪಕ್ಕೆಯನ್ನೇ ನಂಬಿ. ಮಗು ತನ್ನೆಲ್ಲ ಶಕ್ತಿ ಹಾಕಿ 96 ಉಳಿಸಿಕೊಂಡಿರಬಹುದು, ಆ ಶಕ್ತಿ ಎಷ್ಟು ಹೊತ್ತು ಬರುತ್ತದೆ ಎಂದು ಅಂಕಿ ತಿಳಿಸುವುದಿಲ್ಲ. ಕಂದು ಮೈಬಣ್ಣದವರಲ್ಲಿ ಈ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಎಲ್ಲಿಗೆ, ಹೇಗೆ

ಹತ್ತಿರದ ಆರೋಗ್ಯ ಕೇಂದ್ರವೋ, ದೂರದ ದೊಡ್ಡಾಸ್ಪತ್ರೆಯೋ? ನಾಲಿಗೆ ನೀಲಿಯಾಗಿದ್ದರೆ, ಉಸಿರು ನಿಂತು ನಿಂತು ಬರುತ್ತಿದ್ದರೆ, ಫಿಟ್ಸ್ ಬರುತ್ತಿದ್ದರೆ ಆಮ್ಲಜನಕ ಸಿಗುವ ಅತಿ ಹತ್ತಿರದ ಜಾಗವೇ ಸರಿ. ಅಲ್ಲಿ ಉಸಿರನ್ನು ಸ್ಥಿರಗೊಳಿಸಿ ಮುಂದಕ್ಕೆ ಕಳಿಸಿಕೊಡುತ್ತಾರೆ. ಮಗು ಕಷ್ಟಪಡುತ್ತಿದ್ದರೂ ಎಚ್ಚರವಾಗಿ, ಬಣ್ಣ ಚೆನ್ನಾಗಿದ್ದು, ಮಕ್ಕಳ ವೈದ್ಯರಿರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ ಅರ್ಧ ಗಂಟೆಯೊಳಗೆ ಸಿಗುವಂತಿದ್ದರೆ ನೇರ ಅಲ್ಲಿಗೇ ಹೋಗುವುದು ಒಳ್ಳೆಯದು. 28 ದಿನದೊಳಗಿನ ಶಿಶುವಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂಬ ವಿಶೇಷ ಘಟಕವಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿವಿಲಾಸ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳಂಥ ದೊಡ್ಡ ಜಾಗಗಳಿಗೆ ನೂರಾರು ಕಿಲೋಮೀಟರ್ ಹೊರಡುವ ಮುನ್ನ ಮಗುವನ್ನು ಎಲ್ಲಾದರೂ ಸ್ಥಿರಗೊಳಿಸಿಕೊಳ್ಳಬೇಕು. ದುಡ್ಡಿನ ಚಿಂತೆಯಿಂದ ಹಿಂಜರಿಯುವವರು ತಿಳಿಯಬೇಕಾದದ್ದು: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ರೋಗಗ್ರಸ್ತ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಸಾಗಾಟ ಎಲ್ಲವೂ ಉಚಿತ.

108ರ ಆಂಬುಲೆನ್ಸಿಗೆ ಕಾಯುವುದೇ, ಇರುವ ಗಾಡಿಯಲ್ಲಿ ಹೊರಡುವುದೇ? ಮೊದಲು ಕರೆ ಮಾಡಿ, ಎಷ್ಟು ಹೊತ್ತಾಗುತ್ತದೆ ಎಂದು ಕೇಳಿ. ಆಂಬುಲೆನ್ಸಿನಲ್ಲಿ ಆಮ್ಲಜನಕವೂ ತರಬೇತಾದ ಸಿಬ್ಬಂದಿಯೂ ಇರುವುದರಿಂದ ಹತ್ತು ಹದಿನೈದು ನಿಮಿಷ ಕಾಯುವುದು ಸಾರ್ಥಕ. ಮಲೆನಾಡಿನ ಒಂಟಿ ಮನೆಗೋ ದೂರದ ತಾಂಡಾಕ್ಕೋ ಅದು ಮುಕ್ಕಾಲು ಗಂಟೆ ತೆಗೆದುಕೊಳ್ಳುವಂತಿದ್ದರೆ, ಪಕ್ಕದ ಮನೆಯವರ ಕಾರಿನಲ್ಲೋ ಆಟೋದಲ್ಲೋ ಹೊರಟು ದಾರಿಯಲ್ಲಿ ಎದುರಾಗುವಂತೆ ಹೇಳಿ. ಬೈಕಿನಲ್ಲಿ ಇಬ್ಬರ ನಡುವೆ ಮಗುವನ್ನು ಒತ್ತಿ ಕೂರಿಸುವುದು, ಗಾಳಿ ತಾಗದಿರಲೆಂದು ಮುಖಕ್ಕೆ ಕಂಬಳಿ ಮುಚ್ಚುವುದು ಬೇಡ. ಮಗು ತನಗೆ ಹಿತವೆನಿಸಿದ ಭಂಗಿಯಲ್ಲಿ, ಹೆಚ್ಚಾಗಿ ನೆಟ್ಟಗೆ, ಇರಲಿ. ತಾಯಿ ಕಾರ್ಡ್, ಈವರೆಗೆ ಕೊಟ್ಟ ಔಷಧಗಳ ಬಾಟಲಿಗಳು, ವಿಡಿಯೋ ಇವಿಷ್ಟು ಜೊತೆಗಿರಲಿ. ಆಸ್ಪತ್ರೆಯ ಬಾಗಿಲಲ್ಲಿ ‘ನೆಗಡಿ’ ಎಂದರೆ ಸರದಿಯಲ್ಲಿ ಕೂರಿಸುತ್ತಾರೆ. ‘ಎಂಟು ತಿಂಗಳ ಮಗು, ನಿಮಿಷಕ್ಕೆ 64 ಉಸಿರು, ಪಕ್ಕೆ ಎಳೆಯುತ್ತಿದೆ, ಬೆಳಿಗ್ಗೆಯಿಂದ ಹಾಲು ಕುಡಿದಿಲ್ಲ’ ಎಂದರೆ ಎದ್ದು ಬರುತ್ತಾರೆ.

ಔಷಧ ಬರೆದು ಮನೆಗೆ ಕಳಿಸಿದರೆ ಎರಡು ದಿನ ಬಿಟ್ಟು ಮರುಪರೀಕ್ಷೆಗೆ ಹೋಗಬೇಕು, ಅದಕ್ಕೂ ಮೊದಲು ಪಕ್ಕೆ ಎಳೆತ ಶುರುವಾದರೆ ಅಥವಾ ಮಗು ಕುಡಿಯುವುದನ್ನು ಬಿಟ್ಟರೆ ಕೂಡಲೇ ಮರಳಬೇಕು. ಆಂಟಿಬಯಾಟಿಕ್ ಕೊಟ್ಟಿದ್ದರೆ ಎರಡನೇ ದಿನ ಮಗು ಚೇತರಿಸಿಕೊಂಡಿತೆಂದು ನಿಲ್ಲಿಸದೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ತಾಯಿ ಕಾರ್ಡಿನಲ್ಲಿ ನ್ಯುಮೋನಿಯಾ ತಡೆಯಲು ಕೊಡುವ ನ್ಯುಮೋಕಾಕಲ್ ಲಸಿಕೆಯ ಸಾಲನ್ನೂ ಅದೇ ಭೇಟಿಯಲ್ಲಿ ನೋಡಿಸಿಕೊಳ್ಳಿ. 6 ವಾರ, 14 ವಾರ ಮತ್ತು 9 ತಿಂಗಳಿಗೆ ಕೊಡುವ ಈ ಲಸಿಕೆ 2021ರಲ್ಲಿ ದೇಶದಾದ್ಯಂತ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಬಂದಿದೆ, ಒಂದು ಡೋಸ್ ತಪ್ಪಿದ್ದರೆ ಒಂದು ವರ್ಷದೊಳಗೆ ಶುರುವಾದ ಸರಣಿಯನ್ನು ಮುಂದುವರಿಸಲು ಸಾಧ್ಯವಿದೆ. ಕೆಮ್ಮು ಎರಡು ವಾರ ದಾಟಿಯೂ ನಿಲ್ಲದಿದ್ದರೆ, ಅದರಲ್ಲೂ ಮನೆಯಲ್ಲಿ ಅಥವಾ ನೆರೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ, ಆ ಪರೀಕ್ಷೆಯನ್ನೂ ಮಾಡಿಸುವಂತೆ ವೈದ್ಯರನ್ನು ಕೇಳಿ.